ಇನ್ನೂರು ಬೀಡಿಯಷ್ಟು ಅಳು

ನವೆಂಬರ್ 2, 1959, ಸೋಮವಾರ

ನಿನ್ನೆ ಅಣ್ಣ ಬಂದು ನಾಯಿಯನ್ನು ಬಿಟ್ಟುಹೋದ. "ಒಬ್ಬಳೇ ಬಿಡಾರ ಮಾಡಿಕೊಂಡು ಇರ್ತೇನೆ ಅಂತ ನಿನ್ನ ಹಟ. ಹಾಗಾದ್ರೆ ಇದು ಜೊತೆಗಿರಲಿ. ನಾಯಿ ಇಲ್ಲದೆ ನೀನು ಇಲ್ಲಿರುದು ಬೇಡ, ಕುಮುದಿನಿ" ಎಂದ.

ಹಟ ಮಾಡಿ ಹಿಡಿದ ಬಿಡಾರವಲ್ಲ ಇದು. ಜೂನಿನಲ್ಲಿ ಕಡಬ ಶಾಲೆಗೆ ಟೀಚರಾಗಿ ಬಂದಾಗಿನಿಂದ ಹೆಡ್‌ಮಾಸ್ಟರರ ಮನೆಯಲ್ಲೇ ಇದ್ದೆ. ದಸರೆ ರಜೆಗೆ ಅವರ ಮಗಳು ಬಾಣಂತನಕ್ಕೆ ಬಂದಳು. ಮೂರು ಕಡೆ ಕೇಳಿ ಇಲ್ಲ ಅನಿಸಿಕೊಂಡ ಮೇಲೆ ಕುಶಾಲಪ್ಪ ಗೌಡರು ಪೇಟೆಯ ಹಿಂದಿನ ಈ ಬಿಡಾರ ಕೊಟ್ಟರು. ಒಂದು ಕೋಣೆ, ಅಡಿಗೆಗೊಂದು ಮೂಲೆ, ಕಾಲು ಚಾಚಿದರೆ ಮುಗಿಯುವಷ್ಟು ಜಗಲಿ. ಒಂದು ಗೋಡೆಯ ಆಚೆ ಬ್ಯಾರಿ ಮುಸ್ಲಿಮರ ಮನೆ. ಹಿಂದುಗಡೆ ಗೌಡರದ್ದೇ ಮನೆ.

ನಾಯಿಗೆ ಒಂಬತ್ತು ತಿಂಗಳು. ಹೆಸರು ಬೊಳ್ಳು. ಒಂದು ಕಿವಿ ಬಿಟ್ಟರೆ ಮೈಯೆಲ್ಲ ಬಿಳಿ. ಎರಡು ತಿಂಗಳ ಹಿಂದೆ ಊರಿನ ಮನೆಯ ಅಂಗಳದಿಂದಲೇ ಇದರ ತಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು. ಇದು ಸೌದೆ ರಾಶಿಯ ಅಡಿಯಲ್ಲಿ ಅಡಗಿತ್ತಂತೆ. ಅಂದಿನಿಂದ ಮನುಷ್ಯರ ಕಾಲು ಬಿಟ್ಟು ಹೋಗುವುದಿಲ್ಲ. ಅಣ್ಣ ಕಾವಲಿಗೆ ಅಂತ ಕೊಟ್ಟದ್ದು ನಿಜವೋ, ಮನೆಯಲ್ಲಿ ಕಾಟ ತಡೆಯಲಾರದೆ ದಾಟಿಸಿದ್ದು ನಿಜವೋ!

ಬೆಳಿಗ್ಗೆ ಬಾಗಿಲು ಹಾಕಿ ಶಾಲೆಗೆ ಹೊರಟೆ. ಅದರ ಕೂಗು ಪೇಟೆಯ ತಿರುವಿನವರೆಗೂ ಕೇಳುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದಾಗ ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ನಾನು ತಲೆ ತಗ್ಗಿಸಿ ಒಳಗೆ ಬಂದು ಬಾಗಿಲು ಹಾಕಿದೆ.

ಶನಿವಾರ ಊರಿಗೆ ಹೋಗಬಹುದು. ಇನ್ನು ಐದು ದಿನ.

ನವೆಂಬರ್ 3, ಮಂಗಳವಾರ

ಬಾಗಿಲಿನ ಕೆಳಗಡೆ ಕೆರೆದು ಹಾಕಿದೆ. ಉಗುರಿನಲ್ಲಿ ರಕ್ತ. ನಾನು ಇಟ್ಟುಹೋದ ಗಂಜಿ ಹಾಗೇ ಇತ್ತು. ನನಗೂ ರಾತ್ರಿಗೆ ಅಡಿಗೆ ಮಾಡುವ ಮನಸ್ಸಾಗಲಿಲ್ಲ. ಇನ್ನು ನಾಲ್ಕು ದಿನ.

ನವೆಂಬರ್ 5, ಗುರುವಾರ

ಸಂಜೆ ಕುಶಾಲಪ್ಪ ಗೌಡರು ಬಂದರು. ಜಗಲಿಗೆ ಹತ್ತಲಿಲ್ಲ, ಅಂಗಳದಲ್ಲೇ ನಿಂತರು.

"ಟೀಚರೇ, ನಾನು ಕೆಟ್ಟವ ಅಲ್ಲ. ಆದ್ರೆ ನಮ್ಮ ಅಮ್ಮ ಬಾವಿಕಟ್ಟೆ ಹತ್ರ ಬಿದ್ದು ಸೊಂಟ ಮುರಿದುಕೊಂಡು ಮೂರು ತಿಂಗಳಾಯ್ತು. ಅವ್ರಿಗೆ ನಿದ್ದೆ ಬರುದೇ ಹಗಲು. ಈ ನಾಯಿ ಹೀಗೆ ಬೊಬ್ಬೆ ಹೊಡೆದ್ರೆ ಎಂತ ಮಾಡುದು?"

"ಕಲಿಸ್ತೇನೆ ಗೌಡ್ರೇ. ಸ್ವಲ್ಪ ದಿನ ಕೊಡಿ."

"ಈ ತಿಂಗಳ ಕೊನೆಯವರೆಗೆ ನೋಡುವ. ಆಮೇಲೆ ಒಂದೋ ನಾಯಿ, ಒಂದೋ ಬಿಡಾರ."

ನಾಯಿಯನ್ನು ಕಳಿಸಿದರೆ ಅಣ್ಣ ನನ್ನನ್ನು ಇಲ್ಲಿ ಬಿಡುವುದಿಲ್ಲ. ಬಿಡಾರ ಬಿಟ್ಟರೆ ಒಂಟಿ ವಿಧವೆಗೆ ಈ ಪೇಟೆಯಲ್ಲಿ ಇನ್ನೊಂದು ಸಿಗುವುದಿಲ್ಲ. ಎರಡು ದಾರಿಯೂ ಹೋಗಿ ಮುಟ್ಟುವುದು ಅಣ್ಣನ ಮನೆಯ ಹಿಂದಿನ ಕೋಣೆಗೇ. ಅಣ್ಣನೂ ಒಳ್ಳೆಯವನೇ, ಅತ್ತಿಗೆಯೂ ಒಳ್ಳೆಯವಳೇ. ಅಲ್ಲಿ ಯಾರೂ ನನಗೆ ಏನೂ ಕೆಲಸ ಹೇಳುವುದಿಲ್ಲ, ಅಷ್ಟೇ.

ಹೋದರೂ ಆದೀತು ಅಂತ ಒಂದು ಗಳಿಗೆ ಅನಿಸಿತು. ಅನಿಸಿದ ಕೂಡಲೇ ಮೈ ಹಗುರವಾಯಿತು. ಅದು ನನಗೇ ಹಿಡಿಸಲಿಲ್ಲ.

ನವೆಂಬರ್ 9, ಸೋಮವಾರ

ಊರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಬೊಳ್ಳುವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು "ಮಗುವಿಗೆ ಅರ್ಧ ಟಿಕೇಟು" ಎಂದು ನಗಾಡಿದ.

ಇಂದು ಮಧ್ಯಾಹ್ನ ಪಕ್ಕದ ಮನೆಯವಳು ನನ್ನನ್ನು ಬಿಡಲಿಲ್ಲ. ಹೆಸರು ಹವ್ವಮ್ಮ. ಐವತ್ತರ ಮೇಲಾಗಿರಬೇಕು. ಗಂಡ ಆದಂ ಕುಂಞಿ ಸಂತೆಯಿಂದ ಸಂತೆಗೆ ಒಣಮೀನು ಮಾರಲು ಹೋಗುತ್ತಾನೆ. ಇವಳು ಹಗಲಿಡೀ ಜಗಲಿಯಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ.

"ಟೀಚರೇ, ನಾನು ಲೆಕ್ಕ ಇಟ್ಟಿದ್ದೇನೆ. ನೀವು ಹೋದ ಮೇಲೆ ಇನ್ನೂರು ಬೀಡಿ ಕಟ್ಟಿದೆ. ಇನ್ನೂರು ಬೀಡಿಗೂ ಅದು ಬಾಯಿ ಮುಚ್ಚಲಿಲ್ಲ."

ನಾನು ತಪ್ಪಾಯಿತು ಎಂದೆ.

"ತಪ್ಪಿನ ವಿಷಯ ಅಲ್ಲ ಮಾರಾಯ್ರೆ. ಅದು ಸಿಟ್ಟಿನ ಅಳು ಅಲ್ಲ, ಹೆದರಿಕೆಯ ಅಳು. ನಾನು ಏಳು ಮಕ್ಕಳನ್ನು ಸಾಕಿದವಳು, ನನಗೆ ಗೊತ್ತಾಗ್ತದೆ. ಹೊಡೀಬೇಡಿ ಅದಕ್ಕೆ."

ಹೊಡೆಯಬೇಕೆಂದು ಬೆಳಿಗ್ಗೆ ಕೋಲು ತೆಗೆದಿಟ್ಟಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ.

ನವೆಂಬರ್ 10, ಮಂಗಳವಾರ

ಒಂದನೇ ಕ್ಲಾಸಿನ ಕೌಸಲ್ಯಾ ಇಂದು ಮಗ್ಗಿ ಒಪ್ಪಿಸಿದಳು. ಜೂನಿನಲ್ಲಿ ಇದೇ ಹುಡುಗಿ ಅವಳಮ್ಮ ಅಕ್ಕುವಿನ ಸೆರಗು ಬಿಡುತ್ತಿರಲಿಲ್ಲ. ನಾನೇ ಅಕ್ಕುವಿಗೆ ಹೇಳಿದ್ದೆ: ಎರಡು ದಿನ ಕಿಟಕಿಯ ಹತ್ತಿರ ನಿಲ್ಲು, ಮತ್ತೆ ಹುಣಸೆ ಮರದ ಹತ್ತಿರ, ಮತ್ತೆ ಗೇಟಿನ ಹತ್ತಿರ. ಹುಡುಗಿ ಅಳುವ ಮೊದಲೇ ಒಮ್ಮೆ ಮುಖ ತೋರಿಸು, ಅತ್ತ ಮೇಲೆ ಅಲ್ಲ. ಜುಲೈ ಆಗುವಾಗ ಅವಳು ಅಮ್ಮ ಹೋದದ್ದನ್ನೇ ನೋಡುತ್ತಿರಲಿಲ್ಲ.

ಕೌಸಲ್ಯಾ ಎಂಟೊಂದ್ಲೆ ಎಂಟು ಎನ್ನುತ್ತಿದ್ದಾಗ ನನಗೆ ಇದು ಹೊಳೆಯಿತು. ಮಕ್ಕಳಿಗೆ ಮಾಡಿದ ಉಪಾಯ ನಾಯಿಗೆ ಮಾಡಲು ಇಷ್ಟು ದಿನ ಬೇಕಾಯಿತೇ!

ಸಂಜೆ ಶುರು ಮಾಡಿದೆ. ಹೊರಗೆ ಹೋಗಿ ಬಾಗಿಲು ಎಳೆದು ಐದು ಎಣಿಸಿ ಒಳಗೆ ಬಂದೆ. ಮತ್ತೆ ಐದು. ಮತ್ತೆ ಹತ್ತು. ಮೂವತ್ತು ಸಲ ಆಗಿರಬೇಕು. ಒಮ್ಮೆ ಹದಿನೈದಕ್ಕೆ ಹೋದೆ, ಕುಂಯ್ ಎಂದಿತು. ಪುನಃ ಐದಕ್ಕೆ ಇಳಿದೆ.

ನವೆಂಬರ್ 12, ಗುರುವಾರ

ಇವತ್ತು ಒಂದು ವಿಷಯ ಗಮನಿಸಿದೆ. ನಾನು ಬಾಗಿಲು ಮುಟ್ಟುವ ಮೊದಲೇ ಬೊಳ್ಳು ನಡುಗಲು ಶುರು ಮಾಡುತ್ತದೆ. ಕೊಡೆ ತೆಗೆದುಕೊಂಡ ಕೂಡಲೇ. ಬಿಸಿಲಿಗೆಂದು ದಿನವೂ ಕೊಡೆ ಒಯ್ಯುತ್ತೇನಲ್ಲ, ಅದಕ್ಕೆ ಕೊಡೆ ಎಂದರೆ ನಾನು ಇಲ್ಲ ಎಂದರ್ಥ.

ಹಾಗಾಗಿ ಸಂಜೆಯಿಡೀ ಕಂಕುಳಲ್ಲಿ ಕೊಡೆ ಇಟ್ಟುಕೊಂಡೇ ಇದ್ದೆ. ಕೊಡೆ ಹಿಡಿದು ಅನ್ನ ಬಸಿದೆ. ಕೊಡೆ ಹಿಡಿದು ಮಕ್ಕಳ ಪುಸ್ತಕ ತಿದ್ದಿದೆ. ಮೊದಮೊದಲು ನನ್ನ ಹಿಂದೆ ಹಿಂದೆ ತಿರುಗಿತು, ಆಮೇಲೆ ಬೇಜಾರಾಗಿ ಮಲಗಿತು. ಕೊಡೆ ಬಿಡಿಸಿ ನೋಡಿದೆ. ಒಂದು ಕಣ್ಣು ತೆರೆದು ಮುಚ್ಚಿತು.

ಹವ್ವಮ್ಮ ಜಗಲಿಯಿಂದ ಬಗ್ಗಿ ನೋಡಿದಳು. "ಟೀಚರೇ, ನಿಮ್ಮ ಒಳಗೆ ಮಳೆ ಬರ್ತಾ ಉಂಟಾ?"

ನಗು ತಡೆಯಲಾಗಲಿಲ್ಲ. ಕಾರಣ ಹೇಳಿದೆ. ಅವಳೂ ನಕ್ಕಳು, ಹೊಗೆಸೊಪ್ಪು ಚೆಲ್ಲುವಷ್ಟು.

ನವೆಂಬರ್ 15, ಭಾನುವಾರ

ಊರಿಗೆ ಹೋಗಲಿಲ್ಲ. ನಾಯಿಯ ಅಭ್ಯಾಸ ತಪ್ಪುತ್ತದೆ ಎಂದು ಅಣ್ಣನಿಗೆ ಕಾಗದ ಹಾಕಿದ್ದೇನೆ.

ಬೆಳಿಗ್ಗೆ ಹಗ್ಗ ಕಟ್ಟಿ ನೀರು ಹರಿಯುವ ತೋಡಿನವರೆಗೆ ಕರೆದುಕೊಂಡು ಹೋದೆ. ಎಳೆದು ಎಳೆದು ನನ್ನ ಭುಜ ಹೋಯಿತು. ಎಳೆದಾಗ ನಿಂತುಬಿಡುವುದು, ಹಗ್ಗ ಸಡಿಲವಾದರೆ ಮಾತ್ರ ಹೆಜ್ಜೆ ಹಾಕುವುದು, ಹೀಗೆ ಮಾಡಿದೆ. ಅರ್ಧ ಮೈಲಿಗೆ ಒಂದು ಗಂಟೆ. ತೋಡು ದಾಟುವ ಮರದ ಸಂಕದ ಮೇಲೆ ಹತ್ತಲು ಹೆದರಿತು. ನಾನು ದಾಟಿ ಆಚೆ ಕುಳಿತು ನೀರಿಗೆ ಕಾಲು ಬಿಟ್ಟೆ. ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಹೊಟ್ಟೆ ಸಂಕಕ್ಕೆ ತಾಗಿಸಿಕೊಂಡು ಬಂತು.

ಬಟ್ಟೆ ಒಗೆಯುತ್ತಿದ್ದ ಒಬ್ಬಳು "ಟೀಚರು ನಾಯಿಗೂ ಪಾಠ ಮಾಡ್ತಾರೆ" ಎಂದಳು. ಹೌದು, ಇದು ಹೋಂವರ್ಕು ಎಂದೆ.

ನವೆಂಬರ್ 18, ಬುಧವಾರ

ಬೆಳಿಗ್ಗೆ ನಡೆಸಿದ ದಿನ ಅಳು ಕಡಿಮೆ. ಹವ್ವಮ್ಮನ ಲೆಕ್ಕ: ಸೋಮವಾರ ನೂರ ನಲ್ವತ್ತು, ನಿನ್ನೆ ನೂರ ಹತ್ತು, ಇವತ್ತು ಅರವತ್ತು ಬೀಡಿ. ಅವಳು ಚಾಪೆಯನ್ನು ನಮ್ಮ ಗೋಡೆಯ ಪಕ್ಕಕ್ಕೆ ಎಳೆದುಕೊಂಡಿದ್ದಾಳೆ. ಬೊಳ್ಳು ಅತ್ತರೆ ಅಲ್ಲಿಂದಲೇ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಾಳಂತೆ.

"ನಾಯಿ ಮುಟ್ಟಿದ್ರೆ ನಮ್ಮ ಕ್ರಮದಲ್ಲಿ ಏಳು ಸಲ ತೊಳೀಬೇಕು ಟೀಚರೇ, ಅದಾಗ್ಲಿಕ್ಕಿಲ್ಲ. ಮಾತಾಡ್ಲಿಕ್ಕೆ ಎಂತ ಅಡ್ಡಿ ಉಂಟು?"

ಹೊರಡುವಾಗ ಈಗ ಬರ್ತೇನೆ, ಈಗ ಬರ್ತೇನೆ ಎಂದು ಮುದ್ದು ಮಾಡುವುದನ್ನು ನಾನು ನಿಲ್ಲಿಸಿದ್ದೇನೆ. ಸುಮ್ಮನೆ ಹೋಗುವುದು, ಸುಮ್ಮನೆ ಬರುವುದು. ಬಂದಾಗ ಅದು ಹಾರಿದರೆ ಗೋಡೆ ನೋಡಿ ನಿಲ್ಲುವುದು. ಕಷ್ಟ ನನಗೇ ಹೆಚ್ಚು.

ನವೆಂಬರ್ 23, ಸೋಮವಾರ

ಎಲ್ಲ ಹಾಳಾಯಿತು.

ಅಮ್ಮನಿಗೆ ಜ್ವರ ಎಂದು ಕಾಗದ ಬಂದಿತ್ತು, ಶನಿವಾರ ಊರಿಗೆ ಹೋದೆ. ಅಮ್ಮನಿಗೆ ಬರೇ ನೆಗಡಿ. ಬೊಳ್ಳು ಎರಡು ದಿನ ಒಬ್ಬರಲ್ಲ ಒಬ್ಬರ ಕಾಲಡಿ ಬಿದ್ದುಕೊಂಡಿತ್ತು. ಇವತ್ತು ಬಾಗಿಲು ಹಾಕಿ ಹೋದ ಅರ್ಧ ಗಂಟೆಯಲ್ಲಿ ಅಡಿಗೆ ಕಿಟಕಿಯ ಗೆದ್ದಲು ಹಿಡಿದ ಮರದ ಸರಳನ್ನು ಮುರಿದು ಹಾರಿದೆ. ನಾನು ಎರಡನೇ ಕ್ಲಾಸಿಗೆ ಲೆಕ್ಕ ಹೇಳುತ್ತಿದ್ದೆ. ಬಿಳಿಯ ಚೆಂಡೊಂದು ಬಾಗಿಲಲ್ಲಿ ನುಗ್ಗಿ ನನ್ನ ಮೇಜಿನ ಅಡಿ ಸೇರಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಹೆಡ್‌ಮಾಸ್ಟರರು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಟೀಚರ್, ಇದಕ್ಕೆ ಯಾವ ಕ್ಲಾಸಿಗೆ ಅಡ್ಮಿಶನ್ನು?"

ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. ಮನೆಗೆ ಕರೆದುಕೊಂಡು ಹೋಗಲು ಬಿಟ್ಟರು. ಅಲ್ಲಿ ಕುಶಾಲಪ್ಪ ಗೌಡರು ಮುರಿದ ಸರಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಗೋಡೆಗೆ ಒರಗಿಸಿಟ್ಟು ತಮ್ಮ ಮನೆಗೆ ನಡೆದರು. ಬೈದಿದ್ದರೆ ಒಳ್ಳೆಯದಿತ್ತು.

ಸಂಜೆ ಪುನಃ ಐದು ಎಣಿಸುವುದರಿಂದ ಶುರು ಮಾಡಿದೆ. ಅಳು ಬಂತು, ನನಗೆ.

ನವೆಂಬರ್ 24, ಮಂಗಳವಾರ

ಹವ್ವಮ್ಮ ಬೆಳಿಗ್ಗೆಯೇ ಕೂಗಿ ಹೇಳಿದಳು: "ನಮ್ಮ ಎರಡನೆಯವನು ನಡೀಲಿಕ್ಕೆ ಕಲಿತ ಮೇಲೆ ಒಂದು ಜ್ವರ ಬಂದು ಎಲ್ಲ ಮರೆತ. ಪುನಃ ಕಲೀಲಿಲ್ವಾ? ಈಗ ಮಂಗಳೂರಿನಲ್ಲಿ ಲಾರಿ ಬಿಡ್ತಾನೆ."

ಕಿಟಕಿಗೆ ಆದಂ ಕುಂಞಿಯವರು ಹೊಸ ಸರಳು ಹಾಕಿಕೊಟ್ಟರು. ನಾನು ಕೇಳಿರಲಿಲ್ಲ.

ನವೆಂಬರ್ 30, ಸೋಮವಾರ

ಇವತ್ತು ತಿಂಗಳ ಕೊನೆ. ಗೌಡರು ಕೇಳಲು ಬರುವ ಮೊದಲು ನಾನೇ ಅವರ ಮನೆಗೆ ಹೋದೆ. ಅವರ ಬಳಿಗಲ್ಲ, ಅವರ ತಾಯಿ ದುಗ್ಗಮ್ಮನವರ ಬಳಿಗೆ. ಅಲ್ಲಿಯವರೆಗೆ ಅವರ ಮುಖ ನೋಡಿರಲಿಲ್ಲ. ಮಂಚದಲ್ಲಿ ಒಂದು ಹಿಡಿಯಷ್ಟೇ ಜೀವ, ಆದರೆ ಕಣ್ಣು ಭಾರಿ ಚುರುಕು.

"ನಿಮ್ಮ ನಿದ್ದೆ ಕೆಡಿಸಿದೆ. ಕ್ಷಮಿಸ್ಬೇಕು" ಎಂದೆ.

"ಕೆಡಿಸಿದ್ದು ಹೌದು. ಈಗ ಕಡಿಮೆ ಆಗಿದೆ. ಹಾಗಂತ ನನಗೆ ನಿದ್ದೆ ಬರ್ತದಾ? ಇಲ್ಲ. ಇವತ್ತು ಎಷ್ಟು ಹೊತ್ತು ಅಳ್ತದೆ ಅಂತ ಕಿವಿ ಕೊಟ್ಟು ಮಲಗುದು. ನಿಲ್ಲಿಸಿದ್ರೆ, ಯಾಕೆ ನಿಲ್ಲಿಸಿತು ಅಂತ ಯೋಚನೆ." ಅವರು ಹೊದಿಕೆ ಎಳೆದುಕೊಂಡು ಕೇಳಿದರು. "ನಿಮ್ಮ ಯಜಮಾನ್ರು ಹೋಗಿ ಎಷ್ಟು ವರ್ಷ?"

"ನಾಲ್ಕು."

"ನಮ್ಮವರು ಹೋಗಿ ಹದಿನೆಂಟು." ಅನುಕಂಪದ ಮಾತು ಬರುತ್ತದೆ ಎಂದು ನಾನು ಬೆನ್ನು ಸೆಟೆದು ಕುಳಿತಿದ್ದೆ. ಬರಲಿಲ್ಲ.

ಗೌಡರು ಬಾಗಿಲಲ್ಲಿ ನಿಂತಿದ್ದರು. ದುಗ್ಗಮ್ಮ ಅವರಿಗೆ ಹೇಳಿದರು. "ಕುಶಾಲು, ನಾಯಿ ಇರಲಿ. ಅದು ಕಲೀತಾ ಉಂಟು. ಟೀಚರು ಸಂಜೆ ಬಂದು ನನಗೆ ಪೇಪರಿನ ಕಥೆ ಓದಿ ಹೇಳ್ಲಿ, ಅಷ್ಟು ಸಾಕು. ನೀನು ಓದುದು ಕೋರ್ಟಿನ ನೋಟೀಸು ಓದಿದ ಹಾಗೆ."

ಗೌಡರ ಮುಖ ನೋಡಬೇಕಿತ್ತು.

ಅಲ್ಲಿಂದ ಪೇಟೆಗೆ ಹೋಗಿ ಬಂಗುಡೆ ಮೀನು ಕೊಂಡೆ. ತುಂಬ ದಿನದ ಮೇಲೆ ಖಾರವಾಗಿ ಸಾರು ಮಾಡಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಹಾಕಿಸಿಕೊಳ್ಳುವುದೇನು, ನಾನೇ ಹಾಕಿಕೊಂಡೆ.

ಡಿಸೆಂಬರ್ 11, ಶುಕ್ರವಾರ

ಇಪ್ಪತ್ತೆರಡು ಬೀಡಿ.

ಡಿಸೆಂಬರ್ 17, ಗುರುವಾರ

ಬೊಳ್ಳುವಿಗೆ ಕೂರು ಎಂದರೆ ನನ್ನ ಮುಖ ನೋಡುತ್ತದೆ. ಹವ್ವಮ್ಮ ಗೋಡೆಯಾಚೆಯಿಂದ ಬ್ಯಾರಿಯಲ್ಲಿ ಹೇಳಿದರೆ ಥಟ್ಟನೆ ಕೂರುತ್ತದೆ. ಒಂದೂವರೆ ತಿಂಗಳು ಅನ್ನ ಹಾಕಿದವಳು ನಾನು! ಈಗ ನನಗೆ ಆ ಮಾತು ಕಲಿಸುತ್ತಿದ್ದಾಳೆ. ನಾನು ಹೇಳುವ ರೀತಿಗೆ ಹವ್ವಮ್ಮನೂ ನಗುತ್ತಾಳೆ, ನಾಯಿಯೂ ಬಾಲ ಬಡಿಯುತ್ತದೆ.

ದುಗ್ಗಮ್ಮನವರಿಗೆ ಪೇಪರಿನ ಧಾರಾವಾಹಿಯ ನಾಯಕಿ ಹಿಡಿಸುವುದಿಲ್ಲ. ಸುಮ್ಮನೆ ಅಳ್ತಾಳೆ, ಎದ್ದು ಒಂದು ಕೆಲಸ ಮಾಡುದಿಲ್ಲ ಎನ್ನುತ್ತಾರೆ. ಸರಿಯೇ.

ಜನವರಿ 8, 1960, ಶುಕ್ರವಾರ

ತುಂಬ ದಿನ ಬರೆಯಲಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಹಾಡು ಕಲಿಸುತ್ತಿದ್ದೇನೆ. ಗಂಟಲು ಕಟ್ಟಿದೆ. ಬೊಳ್ಳು ಈಗ ಸಂಕವನ್ನು ಓಡಿಯೇ ದಾಟುತ್ತದೆ.

ಜನವರಿ 23, ಶನಿವಾರ

ಪುತ್ತೂರಿನಲ್ಲಿ ಟೀಚರುಗಳ ಸಭೆ. ಬೆಳಿಗ್ಗೆ ಏಳಕ್ಕೆ ಬಾಗಿಲು ಹಾಕಿ ಹೊರಟೆ. ಮೂರಕ್ಕೆ ಮನೆ ಸೇರುವ ಅಂದಾಜು. ಮರಳುವಾಗ ಉಪ್ಪಿನಂಗಡಿ ದಾಟಿದ ಮೇಲೆ ಬಸ್ಸು ನಿಂತೇ ಹೋಯಿತು. ಡ್ರೈವರು ಬಸ್ಸಿನಡಿಗೆ ತೆವಳಿಕೊಂಡು ಹೋಗಿ ಕೈಯೆಲ್ಲ ಎಣ್ಣೆ ಮಾಡಿಕೊಂಡು ಎದ್ದು, ಬೇರೆ ಬಸ್ಸು ಬರಬೇಕು ಎಂದ. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆವು. ನಾಲ್ಕಾಯಿತು, ಐದಾಯಿತು. ಇಷ್ಟು ಹೊತ್ತು ಅದನ್ನು ಎಂದೂ ಬಿಟ್ಟಿರಲಿಲ್ಲ. ಎಷ್ಟೋ ವಾರದ ಶ್ರಮ ಒಂದೇ ದಿನದಲ್ಲಿ ಹೋಗುತ್ತದೆ, ಬಾಗಿಲು ಒಡೆದಿರುತ್ತದೆ, ಕಾಲು ಮುರಿದುಕೊಂಡಿರುತ್ತದೆ ಎಂದೆಲ್ಲ ಕಣ್ಣಿಗೆ ಬಂತು. ಒಂದು ಜೀಪಿನವರನ್ನು ಕೈ ತೋರಿಸಿ ನಿಲ್ಲಿಸಿ, ಕಡಬಕ್ಕೆ ಬಿಡಿ ಎಂದು ಕೇಳಿ, ಬಸ್ಸಿನಲ್ಲಿದ್ದ ಇಬ್ಬರು ಹೆಂಗಸರನ್ನೂ ಜೊತೆಗೆ ಹತ್ತಿಸಿಕೊಂಡೆ. ಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಕಡಬದಲ್ಲಿ ಇಳಿದು ಪೇಟೆಯಿಂದ ಓಡಿದೆ. ಟೀಚರು ಸೆರಗು ಸುತ್ತಿಕೊಂಡು ಓಡುವುದನ್ನು ಇಡೀ ಪೇಟೆ ನೋಡಿತು. ಅಂಗಳ ತಲುಪಿದಾಗ ಸದ್ದೇ ಇಲ್ಲ.

ಹವ್ವಮ್ಮ ಜಗಲಿಯಲ್ಲೇ ಇದ್ದಳು. "ಮೆಲ್ಲ, ಮೆಲ್ಲ! ಯಾಕೆ ಓಡುದು? ಮಲಗಿದೆ ಅದು."

"ಎಷ್ಟು ಅತ್ತಿತು?"

"ಇವತ್ತಿನ ಲೆಕ್ಕ ಸೊನ್ನೆ. ಮೂರು ಗಂಟೆಗೆ ಒಮ್ಮೆ ಬಾಗಿಲ ಹತ್ರ ಬಂದು ಉಸಿರು ಬಿಟ್ಟಿತು. ಹಸಿವೆ ಆಗಿರ್ಬೇಕು ಅಂತ ಅಡಿಕೆ ಹಾಳೆಯಲ್ಲಿ ಅನ್ನ, ಮೀನಿನ ತಲೆ ಹಾಕಿ, ಕಿಟಕಿಯಿಂದ ಕೋಲಿನಲ್ಲಿ ನೂಕಿದೆ. ತಿಂದಿತು. ಪುನಃ ಮಲಗಿತು."

ಬಾಗಿಲು ತೆರೆದೆ. ಬೊಳ್ಳು ನನ್ನ ಹಳೆಯ ಸೀರೆಯ ಮೇಲೆ ಮಲಗಿತ್ತು. ತಲೆ ಎತ್ತಿತು, ಬಾಲ ಎರಡು ಸಲ ನೆಲಕ್ಕೆ ಬಡಿಯಿತು, ತಲೆ ಪುನಃ ಇಟ್ಟಿತು. ಅಷ್ಟೇ! ಹನ್ನೊಂದು ಗಂಟೆ ಹೊತ್ತು ಇಲ್ಲದ ನನಗೆ ಇಷ್ಟೇ ಮರ್ಯಾದೆಯೇ ಎಂದು ಸ್ವಲ್ಪ ಬೇಸರವಾಯಿತು. ಅದರ ಪಕ್ಕ ನೆಲದಲ್ಲೇ ಕುಳಿತುಬಿಟ್ಟೆ. ಕಾಲು ನೋಯುತ್ತಿತ್ತು. ಹೊರಗೆ ಹವ್ವಮ್ಮ ಯಾರಿಗೋ ಹೇಳುತ್ತಿದ್ದಳು, ನಮ್ಮ ನಾಯಿ ಕಲಿಯಿತು ಎಂದು.

ಫೆಬ್ರವರಿ 14, ಭಾನುವಾರ

ದುಗ್ಗಮ್ಮನವರನ್ನು ಇವತ್ತು ಎರಡು ಕಡೆಯಿಂದ ಹಿಡಿದು ಜಗಲಿಗೆ ತಂದು ಕೂರಿಸಿದೆವು, ನಾನೂ ಗೌಡರೂ. ಬೊಳ್ಳು ಅವರ ಮಂಚದ ಕಾಲಿಗೆ ಬೆನ್ನು ಕೊಟ್ಟು ಮಲಗುವುದನ್ನು ರೂಢಿ ಮಾಡಿಕೊಂಡಿದೆ. ನಾನು ಶಾಲೆಗೆ ಹೋಗುವಾಗ ಒಮ್ಮೊಮ್ಮೆ ಅದು ನನ್ನೊಡನೆ ಅಂಗಳದ ಗೇಟಿನವರೆಗೆ ಬಂದು, ತಾನಾಗಿ ತಿರುಗಿ ಅವರ ಮನೆಗೆ ಹೋಗುತ್ತದೆ.

ಅಣ್ಣನ ಕಾಗದಕ್ಕೆ ಉತ್ತರ ಬರೆಯಲು ಮರೆತೇ ಹೋಗಿದೆ.

ಮಾರ್ಚ್ 13, ಭಾನುವಾರ

ಅಣ್ಣ ತೀರ್ಥರಾಮ ಹೇಳದೆ ಕೇಳದೆ ಬಂದ. ನಾನು ಮನೆಯಲ್ಲಿ ಇರಲಿಲ್ಲ. ಹವ್ವಮ್ಮನೊಡನೆ ಅವಳ ತಂಗಿಯ ಮಗುವನ್ನು ನೋಡಲು ಹೋಗಿದ್ದೆ. ಬಂದಾಗ ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಬೊಳ್ಳು ಬಾಗಿಲಿಗೆ ಅಡ್ಡವಾಗಿ ಮಲಗಿ ಗೊರಕೆ ಹೊಡೆಯುತ್ತಿತ್ತು.

"ಎಂತ ಮಾರಾಯ್ತಿ, ಬದುಕಿದ್ದೀಯಾ? ಎರಡು ತಿಂಗಳಾಯ್ತು ನೀನು ಊರಿಗೆ ಬಾರದೆ. ಅಮ್ಮ ದಿನಾ ಕೇಳ್ತಾರೆ."

"ನಾಯಿಗೆ ಅಭ್ಯಾಸ ತಪ್ತದೆ ಅಣ್ಣ."

ಕಾಫಿ ಕೊಟ್ಟೆ. ಅಣ್ಣ ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದ. ನಮ್ಮೂರ ಶಾಲೆಯ ಟೀಚರು ಮದುವೆಯಾಗಿ ಹೋಗುತ್ತಿದ್ದಾಳೆ. ಜಾಗ ಖಾಲಿ. ಅಣ್ಣ ಓಡಾಡಿ ಮಾತಾಡಿ ಬಂದಿದ್ದಾನೆ. ನಾನು ಅರ್ಜಿಗೆ ರುಜು ಹಾಕಿದರೆ ಜೂನಿಗೆ ವರ್ಗ. ಮನೆಯಿಂದ ಕಾಲು ಗಂಟೆಯ ನಡಿಗೆ.

"ಇಲ್ಲಿ ಒಬ್ಬಳೇ ಕಷ್ಟಪಟ್ಟದ್ದು ಸಾಕು" ಎಂದ. ಅವನ ಸ್ವರದಲ್ಲಿ ಅಕ್ಕರೆಯೇ ಇತ್ತು. ನನಗೋಸ್ಕರ ಎಷ್ಟು ಜನರ ಮನೆ ಬಾಗಿಲಿಗೆ ಹೋಗಿರಬೇಕು.

ಕಾಗದ ಕೈಯಲ್ಲಿ ಹಿಡಿದು ಕುಳಿತೆ. ಏನು ಹೇಳುವುದೆಂದು ಯೋಚಿಸಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಬೇಡ ಅಣ್ಣ. ಈಗಷ್ಟೇ ಸರಿಯಾಗಿದೆ. ಜಾಗ ಬದಲಾದ್ರೆ ಪುನಃ ಮೊದಲಿಂದ ಶುರುವಾಗ್ತದೆ. ಪಾಪ, ಅದಕ್ಕೆ ತಡೀಲಿಕ್ಕಾಗ್ಲಿಕ್ಕಿಲ್ಲ."

ಅಣ್ಣ ಬೊಳ್ಳುವನ್ನು ನೋಡಿದ. ಅದು ಅಂಗಾತ ಹೊರಳಿ ನಾಲ್ಕು ಕಾಲನ್ನೂ ಮೇಲೆ ಮಾಡಿತ್ತು. ಆಮೇಲೆ ನನ್ನನ್ನು ನೋಡಿದ. ತುಂಬ ಹೊತ್ತು ನೋಡಿದ.

"ಯಾವುದಕ್ಕೆ?" ಎಂದ.

"ನಾಯಿಗೆ, ಮತ್ತೆ ಯಾವುದಕ್ಕೆ?"

ಅಣ್ಣನಿಗೆ ನಗು ಬಂತು. ಯಾಕೆಂದು ನನಗೆ ತಿಳಿಯಲಿಲ್ಲ. ಕಾಗದವನ್ನು ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡ. "ಆಯ್ತು. ಅಮ್ಮನನ್ನು ಒಂದು ವಾರ ಇಲ್ಲಿಗೇ ಕಳಿಸ್ತೇನೆ. ಬಂದು ನೋಡ್ಲಿ" ಎಂದ. ಹೊರಡುವಾಗ ಕಣ್ಣು ಒರೆಸಿಕೊಂಡನೋ, ಬೆವರು ಒರೆಸಿಕೊಂಡನೋ. ಸೆಕೆ ಶುರುವಾಗಿದೆ.

ಬಸ್ಸಿನವರೆಗೆ ಬರುತ್ತೇನೆ ಎಂದೆ. ಬೇಡ, ದಾರಿ ಗೊತ್ತುಂಟು ಎಂದ. ಗೇಟು ದಾಟಿ ಒಮ್ಮೆ ತಿರುಗಿ ನೋಡಿರಬಹುದು. ನಾನು ಅಷ್ಟರಲ್ಲಿ ಒಳಗೆ ಪೇಪರು ಹುಡುಕುತ್ತಿದ್ದೆ. ಧಾರಾವಾಹಿಯ ನಾಯಕಿ ಕೊನೆಗೂ ಹೊಲಿಗೆ ಮಿಶನ್ನು ತೆಗೆದುಕೊಂಡಿದ್ದಾಳೆ. ದುಗ್ಗಮ್ಮನವರಿಗೆ ಯಾವಾಗ ಹೇಳುತ್ತೇನೋ ಎಂದಾಗಿತ್ತು.